ಬಿಸಿಲ ದಡ್ಡಿಯ ಬಾಗಿಲು

ಏಪ್ರಿಲ್ ಬಂತೆಂದರೆ ನಮ್ಮ ಗೈಡ್ ಮೇಡಂ ಅವರ ಮೂಗಿನ ತುದಿ ಸುಲಿದು ಕೆಂಪಾಗುತ್ತಿತ್ತು. ಕೊಡೆ ಹಿಡಿಯುತ್ತಿರಲಿಲ್ಲ, ತಲೆಯ ಮೇಲೆ ಸೆರಗೂ ಹೊದೆಯುತ್ತಿರಲಿಲ್ಲ. ಪ್ರಯೋಗದ ಕುರಿಗಳು ಬಿಸಿಲಲ್ಲಿ ನಿಂತಷ್ಟು ಹೊತ್ತು ತಾವೂ ನಿಲ್ಲುತ್ತಿದ್ದರು; ನಾನೂ ನಿಲ್ಲಬೇಕಿತ್ತು. ಅದನ್ನು ದೊಡ್ಡ ಗುಣವೆಂದು ಹೊಗಳುವವರಿದ್ದಾರೆ. ಹೊಗಳಲಿ. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವಳು ನಾನು.

ಆ ಬಾಯಿಂದ ಒಂದು ಒಳ್ಳೆಯ ಮಾತು ಕೇಳಲಿಲ್ಲ. ಸವಣೂರಿನಿಂದ ಬಸ್ಸು ಬದಲಿಸಿ, ಪ್ರಯೋಗದ ಕುರಿಗಳಿದ್ದ ಹಿರೇಕೆರೂರಿಗೆ ಬಂದು ಇಳಿದರೆ ತಡವಾಯಿತೆಂದು ಬೈಗುಳ. ಬೇಗ ಬಂದರೆ ಕುರಿಗಳನ್ನು ಎಬ್ಬಿಸಿ ಗಾಬರಿ ಮಾಡಿದೆನೆಂದು ಬೈಗುಳ. ನಾನು ಬರೆದ ಅಧ್ಯಾಯವನ್ನು ಊಟದ ಡಬ್ಬಿಯ ಕೆಳಗೆ ಹಾಸಿಕೊಂಡದ್ದೂ ಉಂಟು. ಎಣ್ಣೆಯ ಕಲೆ ಬಿದ್ದ ಹಾಳೆಗಳನ್ನು ಮರಳಿಸುತ್ತ, "ಇದನ್ನ ಕುರಿ ಸೈತ ಮೂಸಂಗಿಲ್ಲ" ಅಂದರು. ವಾರದ ಸಂತೆಯಲ್ಲೂ ಅಷ್ಟೆ. ಬಿಸಿಲಿಗೆ ಕಟ್ಟಿದ ಕುರಿ ಕಂಡರೆ ತಾವೇ ಹಗ್ಗ ಬಿಚ್ಚಿ ನೆರಳಿಗೆ ಎಳೆದೊಯ್ದು, ವ್ಯಾಪಾರಿಯೊಂದಿಗೆ ಜಗಳ ತೆಗೆಯುತ್ತಿದ್ದರು. "ಮೊದ್ಲ ಬಾಯಿ ನೋಡ್ರಿ" ಎನ್ನುವುದು ಅವರ ಒಂದೇ ಪಾಠ. ಕುರಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದಕ್ಕೆ ಬಿಸಿಲು ಮೀರಿದೆ ಎಂದರ್ಥ.

ನನ್ನ ಸಂಶೋಧನೆಯೂ ಬಿಸಿಲಿನದೇ. ಬೇಸಿಗೆಯಲ್ಲಿ ಕುರಿಗಳು ಸುಲಭಕ್ಕೆ ಗಬ್ಬ ಕಟ್ಟುವುದಿಲ್ಲ. ಕಟ್ಟಿದರೂ ಎಷ್ಟೋ ಸಲ ನಿಲ್ಲುವುದಿಲ್ಲ. ನೆರಳು ಕೊಟ್ಟು, ತಂಪು ಹೊತ್ತಿನಲ್ಲಿ ಮೇವು ಹಾಕಿದರೆ ಎಷ್ಟು ಗಬ್ಬ ಉಳಿದಾವು ಎಂದು ನೋಡಬೇಕಿತ್ತು. ಅದಕ್ಕಾಗಿ ಕುರಿ ಕೂಡಿಹಾಕಲು ಬೇಲಿ ಕಟ್ಟಿ ಎರಡು ದಡ್ಡಿ ಮಾಡಿದ್ದೆವು. ಒಂದಕ್ಕೆ ಗೋವಿನಜೋಳದ ದಂಟಿನ ಚಪ್ಪರ, ಇನ್ನೊಂದು ಬಯಲು. ಎರಡನ್ನೂ ಹೋಲಿಸಿದರೆ ಮಾತ್ರ ಪ್ರಬಂಧ. ತಡಸದ ಹಿರಿಯರೊಬ್ಬರು ನಂಬಿ ಕುರಿ ಕೊಟ್ಟಿದ್ದರು. ಆ ವರ್ಷವೇ ಪ್ರಬಂಧ ಒಪ್ಪಿಸಿದ್ದರೆ ಕಾಲೇಜಿನ ಖಾಯಂ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಮನೆಯಲ್ಲಿ ಅವ್ವ ಅದೊಂದನ್ನೇ ಕಾಯುತ್ತಿದ್ದಳು.

ಇನ್ನೇನು ಮುಗಿಯಿತು ಅನ್ನುವಾಗ, ಒಂದು ಮಧ್ಯಾಹ್ನ ಬಯಲು ದಡ್ಡಿಯ ಗಬ್ಬದ ಕುರಿಯೊಂದು ನಾಲಿಗೆ ಚಾಚಿ ಮೊಣಕಾಲೂರಿತು. ಅದರ ಹಿಂದೆಯೇ ಮತ್ತೆರಡು ಬಾಯಿ ತೆರೆದವು. ಆ ಮೂರನ್ನು ಮಾತ್ರ ನೆರಳಿಗೆ ಒಯ್ಯೋಣ, ಉಳಿದವುಗಳ ಲೆಕ್ಕವಾದರೂ ಉಳಿಯುತ್ತದೆ ಎಂದು ಬೇಡಿಕೊಂಡೆ. ಮೇಡಂ ಬಾಗಿಲ ಹಗ್ಗ ಬಿಚ್ಚಿ ಇಡೀ ಹಿಂಡನ್ನು ಚಪ್ಪರದ ಕೆಳಗೆ ಅಟ್ಟಿದರು. ಎರಡೂ ದಡ್ಡಿಯ ಕುರಿ ಒಂದಾದವು. ಪ್ರಯೋಗ ಕೆಟ್ಟಿತು.

"ಮೇಡಂ, ನನ್ನ ವರ್ಷ ಹೋತಲ್ರಿ" ಅಂದೆ.

"ವರ್ಷ ಮತ್ತ ಬರತೈತಿ. ನೀರ ತಗೊಂಡ ಬಾ."

ಅಳುತ್ತಲೇ ನೀರು ತಂದೆ. ಕುರಿಗಳು ಬದುಕಿದವು, ನನ್ನ ಹುದ್ದೆ ಹೋಯಿತು. ಅದು ಸಿಕ್ಕವನು ಈಗಲೂ ಆ ಕುರ್ಚಿಯಲ್ಲಿದ್ದಾನೆ. ಕುರಿಯ ಬಾಲ ಯಾವ ಕಡೆ ಎಂಬುದೂ ಗೊತ್ತಿಲ್ಲದವನು. ಮರುಬೇಸಿಗೆ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಬಾಯಿ ತೆರೆದ ಕುರಿಯನ್ನು ಆ ಕ್ಷಣವೇ ಪ್ರಯೋಗದಿಂದ ಬಿಡಿಸಬೇಕು ಎಂಬುದು ಈ ಸಲ ಅವರು ಹಾಕಿದ ಕಟ್ಟಳೆ. ಪದವಿ ಬಂತು. ಅವರು ತಪ್ಪಾಯಿತು ಅನ್ನಲಿಲ್ಲ, ನಾನು ಥ್ಯಾಂಕ್ಸ್ ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ, ಶಿಗ್ಗಾಂವಿಯ ಮನೆಯಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಹೋದೆ. ನೋಡಲಿಕ್ಕಲ್ಲ, ಕೇಳಲಿಕ್ಕೆ. ಆವತ್ತು ಆ ಮೂರನ್ನಷ್ಟೇ ಯಾಕೆ ಬಿಡಿಸಲಿಲ್ಲ ಎಂದು ಕೇಳುವ ಮಾತನ್ನು ಬಸ್ಸಿನಲ್ಲಿ ಕುಳಿತು ಹೊಂದಿಸಿಕೊಂಡಿದ್ದೆ. ಅವರ ಮೂಗಿನ ತುದಿ ಬಿಳುಚಿತ್ತು. ಹಾನಗಲ್ ಕಡೆ ಒಂದು ಕುರಿ ಸಾಕಣೆ ಕೇಂದ್ರದಲ್ಲಿ ನಾನು ಕೆಲಸಕ್ಕಿರುವುದು ಅವರಿಗೆ ಗೊತ್ತಿತ್ತು. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ.

"ಬಿಸಲ ಏರೈತಿ. ಅಲ್ಲಿ ಕುರಿ ನೆಳ್ಳಾಗ ಅದಾವಿಲ್ಲ?"

"ಅದಾವ್ರಿ."

"ಹಂಗಾರ ಕುಂದ್ರು."

ಕುಳಿತೆ. ಹೊಂದಿಸಿಕೊಂಡು ಹೋದ ಮಾತು ಕೇಳದೆಯೇ ಎದ್ದು ಬಂದೆ. ಆ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ನನ್ನ ಸಿಟ್ಟು ಉಳಿದಿದೆ. ಮಧ್ಯಾಹ್ನ ದಡ್ಡಿಗೆ ಹೋದರೆ ನನ್ನ ಕಣ್ಣು ಮೊದಲು ಕುರಿಯ ಬಾಯಿಗೇ ಹೋಗುತ್ತದೆ. ಅದಕ್ಕೂ ಸಿಟ್ಟು ಬರುತ್ತದೆ.