ಅಡುಗೆಮನೆಯಲ್ಲೇ ಉಳಿದ ಐದು ಮತ

ಅಮೆರಿಕದ ವರ್ಮಾಂಟಿನ ಆ ಪುಟ್ಟ ಊರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ತೆರಿಗೆ ಹಣ ಯಾವುದಕ್ಕೆ ಹೋಗಬೇಕೆಂದು ಶಾಲೆಯ ಸಭಾಂಗಣದಲ್ಲಿ ಕೂತವರೇ ಹಸಿರು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಊಟದ ಹೊಣೆ ಮಾತ್ರ ಮರ್ಲೀನ್ ಗೋಯೆಟ್ ಮತ್ತು ಇನ್ನು ನಾಲ್ವರು ಹೆಂಗಸರದು. ಮದುವೆಯಾಗಿ ಬಂದ ವರ್ಷ ಅತ್ತೆ ಮರ್ಲೀನ್‌ಳ ಕೈಗೆ ಸೌಟು ಕೊಟ್ಟಿದ್ದರು. ಹನ್ನೊಂದು ವರ್ಷವಾಯಿತು. ಮಗಳು ಟೆಸ್ ಹುಟ್ಟಿ ಮೂರೇ ವಾರವಾಗಿದ್ದಾಗಲೂ ಮಗುವನ್ನು ಹಿಟ್ಟಿನ ಮೂಟೆಯ ಪಕ್ಕ ಮಲಗಿಸಿ ಬೀನ್ಸ್ ಬೇಯಿಸಿದ್ದಳು.

ಈಗ ಟೆಸ್‌ಗೆ ಆರು. ಗುಡ್ಡದ ಮೇಲಿನ ಒಂಬತ್ತು ಮಕ್ಕಳ ಶಾಲಾ ಬಸ್ಸು, ಊರು ಹಣ ಕೊಡದಿದ್ದರೆ, ನಿಂತುಹೋಗುವುದರಲ್ಲಿತ್ತು. ಬೆಳಿಗ್ಗೆ ಹಸುಗಳ ಹಾಲು ಕರೆಯುವ ಹೊತ್ತಿನಲ್ಲಿ ಮರ್ಲೀನ್ ಮಗಳನ್ನು ಶಾಲೆಗೆ ಬಿಟ್ಟುಬರಲಾರಳು. ಬಸ್ಸಿಲ್ಲದಿದ್ದರೆ ಕೂಸು ಎರಡು ಮೈಲಿ ನಡೆಯಬೇಕು. ಬಸ್ಸಿನ ವಿಷಯ ಸಭೆಯ ಪಟ್ಟಿಯಲ್ಲಿ ಹದಿನಾಲ್ಕನೆಯದು. ಅದು ಬರುವುದು ಊಟ ಮುಗಿದ ಮೇಲೆ ತಾನೇ, ಬಡಿಸಿ ಹೋಗಿ ಕೂರೋಣ ಎಂದುಕೊಂಡರು ಐವರೂ.

ಹನ್ನೊಂದೂವರೆಗೆ ಹೊರಗೆ ಚಪ್ಪಾಳೆ ಕೇಳಿಸಿತು. ಮರ್ಲೀನ್ ಬಾಗಿಲಿಗೆ ಬಂದಳು.

"ಏನಾಯ್ತು?"

"ಬಸ್ಸಿಂದು ಮುಗೀತು," ಅಂದ ವೆಂಡೆಲ್, ಊರಿನ ಹಿಮ ತೆಗೆಯುವ ಲಾರಿ ಓಡಿಸುವವನು. "ಊಟಕ್ಕೆ ಮುಂಚೆ ತಗೊಳ್ಳೋಣ ಅಂತ ಒಬ್ರು ಕೇಳಿದ್ರು, ಬಹುಮತ ಹೂಂ ಅಂತು. ಬೇಕು ಅಂದೋರು ಐವತ್ತೆಂಟು, ಬೇಡ ಅಂದೋರು ಅರವತ್ತೊಂದು."

ಮೂರು ಮತ. ಅಡುಗೆಮನೆಯಲ್ಲಿದ್ದವರು ಐವರು.

ಅವಳು ಸೌಟು ಹಿಡಿದೇ ಸಭೆ ನಡೆಸುವ ಹಾರ್ಲನ್ ಸ್ಟಿಕ್ನಿಯ ಮುಂದೆ ನಿಂತಳು. "ಇನ್ನೊಂದ್ಸಲ ಚೀಟಿ ಎತ್ತಿಸಿ."

"ಗೆದ್ದ ಕಡೆಯವರು ಕೇಳಿದ್ರೆ ಮಾತ್ರ ಆಗತ್ತಮ್ಮ. ನಿಯಮ ಹಾಗಿದೆ."

ಅವಳು ಸಾಲುಗಳತ್ತ ತಿರುಗಿದಳು. "ಯಾರಾದ್ರೂ ಕೇಳ್ತೀರಾ? ನಿಮಗೇ ಅಡುಗೆ ಮಾಡ್ತಿದ್ವಿ ನಾವು."

ಯಾರೂ ಏಳಲಿಲ್ಲ. "ಮಕ್ಕಳು ನಡೆದ್ರೆ ಕಾಲು ಗಟ್ಟಿಯಾಗತ್ತೆ ಕಣೆ," ಅಂದ ವೆಂಡೆಲ್. "ಬೀನ್ಸ್ ಮಾತ್ರ ಒಳ್ಳೆ ವಾಸ್ನೆ ಬರ್ತಿದೆ."

"ನಿನ್ನಮ್ಮ ಹಾಸಿಗೆ ಹಿಡಿದಾಗಲೂ ನಾನು ತಂದ್ಕೊಟ್ಟ ಇದೇ ಬೀನ್ಸ್ ತಿಂದಿದ್ದು. ಆಗ ಕಾಲು ಗಟ್ಟಿ ಮಾಡ್ಕೊ ಅಂದಿದ್ನಾ ನಾನು?"

ಮರ್ಲೀನ್ ಒಳಗೆ ಹೋಗಿ ಒಲೆ ಆರಿಸಿದಳು. "ಬಡಿಸ್ಕೊಳ್ಳಲಿ ಅವರೇ. ಬನ್ರೇ."

ಏಪ್ರನ್ನು ಬಿಚ್ಚದೆಯೇ ಐವರೂ ಮೊದಲ ಸಾಲಿನಲ್ಲಿ ಕೂತರು. ಮಧ್ಯಾಹ್ನ ಅರ್ಧ ಸಭೆ ಮನೆಗೆ ಜಾರಿಕೊಂಡಿತ್ತು. ಹಿಮ ತೆಗೆಯುವ ಹೊಸ ಲಾರಿ ಕೊಳ್ಳುವ ವಿಷಯ ಬಂತು. ಯಾರು ಯಾವ ಕಡೆಯೆಂದು ಮರ್ಲೀನ್ ತಲೆ ಎಣಿಸಿದಳು: ತಾವು ಐವರು ಬೇಡವೆಂದರೆ ಬಿದ್ದೇಹೋಗುತ್ತದೆ. ಬೀಳಲಿ ಎಂದು ಹಲ್ಲು ಕಚ್ಚಿದಳು. ಆಮೇಲೆ ಗುಡ್ಡದ ದಾರಿ ನೆನಪಾಯಿತು, ಟೆಸ್‌ಳ ಸೊಂಟದವರೆಗಿನ ಹಿಮ ನೆನಪಾಯಿತು. ಬೇಕು ಎನ್ನುವವರಿಗೆ ಚೀಟಿ ಎತ್ತಲು ಹೇಳಿದಾಗ ಎತ್ತಿದಳು. ಉಳಿದ ನಾಲ್ವರೂ ಅವಳ ಮುಖ ನೋಡಿ ಎತ್ತಿದರು.

ಲಾರಿ ಗೆದ್ದಿತು. ವೆಂಡೆಲ್ ನಕ್ಕ. "ಕೊನೆಗೂ ನಮ್ಮ ಕಡೆ ಬಂದ್ಯಲ್ಲ."

"ನಿನ್ನ ಕಡೆ ಅಲ್ಲ. ನನ್ನ ಮಗಳು ನಡೆಯೋ ದಾರಿ ಅದು. ಏಳು ಗಂಟೆಯೊಳಗೆ ಅಲ್ಲಿ ಹಿಮ ಇರಬಾರ್ದು. ಇದ್ರೆ ನಿನ್ನ ಮನೆ ಬಾಗಿಲಿಗೇ ಬರ್ತೀನಿ."

ಎಂಜಲು ತಟ್ಟೆಗಳನ್ನು ಮೇಜಿನ ಮೇಲೇ ಬಿಟ್ಟು, ಸೌಟನ್ನು ಹಾರ್ಲನ್‌ನ ಕಾಗದಗಳ ಮೇಲಿಟ್ಟು, ಹಾಲು ಕರೆಯಲು ಹೊರಟಳು.