ಕಂಬಕ್ಕೆ ಹಚ್ಚಿದ ಬಣ್ಣ

ನಮ್ಮ ಡಿಸೈನ್ ಕೋರ್ಸಿನ ಕೊನೆಯ ಸೆಮಿಸ್ಟರಿನಲ್ಲಿ ಎಂಟು ವಾರ ಎಲ್ಲಾದರೂ ಕೆಲಸ ಮಾಡಿ ಬರಬೇಕಿತ್ತು. ಇಲ್ಲದಿದ್ದರೆ ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಬೆಂಗಳೂರಿನ ಸ್ಟುಡಿಯೋಗಳಿಗೆ ಬರೆದೆ. ಉತ್ತರ ಕೊಟ್ಟವರ ಮೊದಲ ಪ್ರಶ್ನೆ, ಈ ಮೊದಲು ಎಲ್ಲಿ ಕೆಲಸ ಮಾಡಿದ್ದೀರಿ ಎಂಬುದು. ಒಂದು ಕಡೆ ಒಪ್ಪಿದರು. ಸಂಬಳವಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರಬೇಕು. ಆ ತಿಂಗಳುಗಳಲ್ಲಿ ಹಾಸ್ಟೆಲ್ ಇರಲಿಲ್ಲ. ಮಾಗಡಿಯಿಂದಾಚೆಯ ನಮ್ಮ ಹಳ್ಳಿಯಿಂದ ಅಷ್ಟು ಹೊತ್ತಿಗೆ ಅಲ್ಲಿಗೆ ತಲುಪುವ ಬಸ್ಸೂ ಇರಲಿಲ್ಲ.

ಚನ್ನಪಟ್ಟಣದ ಬೊಂಬೆ ಕೆಲಸದ ಮನೆಯೊಂದರಲ್ಲಿ ಮಾಡಬಹುದೇ ಎಂದು ನಮ್ಮ ಮೇಷ್ಟ್ರನ್ನು ಕೇಳಿದೆ. ಅವರು ಒಂದು ಷರತ್ತು ಹಾಕಿದರು. ನಾನು ರೂಪಿಸಿದ ಒಂದು ಬೊಂಬೆಯಾದರೂ ಅಲ್ಲಿಂದ ಅಂಗಡಿಗೆ ಹೋಗಬೇಕು. ಹಾಗಾಗದಿದ್ದರೆ ಅದನ್ನು ಬರಿಯ ಕೂಲಿಯೆಂದು ಹೇಳಿ ವಿಭಾಗದವರು ಒಪ್ಪುವುದಿಲ್ಲ.

ಆ ಕೆಲಸದ ಮನೆಯ ಒಡತಿಗೆ ನಮ್ಮ ಅಮ್ಮನಷ್ಟು ವಯಸ್ಸು. ತಂದೆಯಿಂದ ಕಲಿತ ಕಸುಬು. ಮನೆಯ ಹಿಂದಿನ ಶೆಡ್ಡಿನಲ್ಲಿ ಮರ ಕಡೆಯುವ ಮೂರು ಯಂತ್ರಗಳನ್ನಿಟ್ಟುಕೊಂಡಿದ್ದರು. ಕಾಲೇಜಿನವರು ಬಂದರೆ ಫೋಟೋ ತೆಗೆದುಕೊಂಡು ಹೋಗುತ್ತಾರೆ, ನೀನೂ ಫೋಟೋಗಾ ಎಂದು ಕೇಳಿದರು. ಕೆಲಸಕ್ಕೆ ಎಂದೆ. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಹಂಗಾರೆ ನಾಳೆಯಿಂದ ದುಪಟ್ಟಾ ಮನೇಲೇ ಬುಟ್ಟು ಬಾ. ಮಿಸೀನು ಹಿಡ್ಕಂಡ್ರೆ ಬುಡಾಕಿಲ್ಲ."

ಪುಕ್ಕಟೆ ಯಾರನ್ನೂ ದುಡಿಸಿಕೊಳ್ಳುವುದಿಲ್ಲವೆಂದು ಹೇಳಿ ವಾರದ ಕೂಲಿಯನ್ನೂ ಅವರೇ ಗೊತ್ತುಮಾಡಿದರು.

ರಾಮನಗರದಲ್ಲಿ ಬಸ್ಸು ಬದಲಿಸಿ ದಿನವೂ ಹೋದೆ. ನಾಲ್ಕು ವಾರ ತಾಳೆಗರಿ ಹಿಡಿದು ಹೊಳಪು ಕೊಡುವುದೇ ನನ್ನ ಕೆಲಸ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಆ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ಗರಿ ಒತ್ತಿದರೆ ಮಿನುಗುತ್ತದೆ. ಹೆಚ್ಚು ಒತ್ತಿದರೆ ಬಣ್ಣ ಸುಡುತ್ತದೆ. ನಾನು ಸಾಕಷ್ಟು ಸುಟ್ಟೆ. ಅವರು ಇನ್ನೊಂದು ತುಂಡನ್ನು ಮುಂದಕ್ಕೆ ತಳ್ಳುತ್ತಿದ್ದರು.

ಐದನೆಯ ವಾರ ನನ್ನ ಚಿತ್ರ ತೋರಿಸಲು ಹೇಳಿದರು. ಕಂಬವೊಂದಕ್ಕೆ ಐದು ಬಣ್ಣದ ಐದು ಮರದ ಬಳೆಗಳನ್ನು ಪೋಣಿಸುವ, ಪುಟ್ಟ ಮಕ್ಕಳ ಆಟಿಕೆ. ಅಂಥದ್ದನ್ನು ಅವರೂ ಮಾಡುತ್ತಿದ್ದರು. ಆದರೆ ಅವರ ಕಂಬಕ್ಕೆ ಬಣ್ಣ ಇರುತ್ತಿರಲಿಲ್ಲ, ಬರಿಯ ಮರ. ನೋಡಿದಾಗಲೆಲ್ಲ ಅದು ಅರ್ಧಕ್ಕೆ ನಿಲ್ಲಿಸಿದ ಕೆಲಸದಂತೆ ನನಗೆ ಕಾಣುತ್ತಿತ್ತು. ನಾನು ಚಿತ್ರದಲ್ಲಿ ಇಡೀ ಕಂಬಕ್ಕೆ ಕೆಂಪು ಕೊಟ್ಟಿದ್ದೆ. ಕಂಬಕ್ಕೂ ಬಳೆಯ ತೂತಿಗೂ ನಡುವೆ ಅರ್ಧ ಮಿಲಿಮೀಟರ್ ಬಿಟ್ಟು ಅಳತೆಯನ್ನೂ ಬರೆದಿದ್ದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಹಿಂಗೇ ಮಾಡ್ಲಾ ಎಂದು ಕೇಳಿದರು. ಹೀಗೇ ಎಂದೆ.

ಹತ್ತು ಸೆಟ್ ಆಯಿತು. ಮೊದಲ ಬಳೆಯನ್ನು ನಾನೇ ಹಾಕಿದೆ. ತುದಿಯಲ್ಲೇ ಕಚ್ಚಿಕೊಂಡಿತು. ಹತ್ತು ಕಂಬಗಳಲ್ಲಿ ಒಂದರಲ್ಲೂ ಬಳೆ ಬುಡದವರೆಗೆ ಇಳಿಯಲಿಲ್ಲ. ಅರಗಿಗೂ ದಪ್ಪವಿರುತ್ತದೆ ಎಂಬುದು, ನಾಲ್ಕು ವಾರ ಅದನ್ನೇ ಉಜ್ಜಿದವಳಿಗೆ ಹೊಳೆದಿರಲಿಲ್ಲ. ನಾನು ಬಿಟ್ಟಿದ್ದ ಜಾಗವನ್ನು ಅದೇ ತುಂಬಿಕೊಂಡಿತ್ತು. ಉಳಿದದ್ದು ಎರಡೇ ವಾರ.

ನಿಮಗೆ ಮೊದಲೇ ಗೊತ್ತಿತ್ತಲ್ಲವೇ, ಆಂಟಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

"ಹೇಳಿದ್ರೆ ನೀನು ಬುಕ್ಕಲ್ಲಿ ಬರ್ಕತಿದ್ದೆ," ಎಂದರು. "ಈಗ ಬರ್ಕಳೋದೇ ಬ್ಯಾಡ. ತಗಾ ಉಳಿ. ಒಸಿ ಒಸಿಯಾಗಿ ಕೆರಿ."

ಅಲ್ಲಿಯವರೆಗೆ ನನ್ನ ಕೈಗೆ ಉಳಿ ಕೊಟ್ಟಿರಲಿಲ್ಲ. ಕಂಬವನ್ನು ಯಂತ್ರಕ್ಕೆ ಸಿಕ್ಕಿಸಿ ಅರಗನ್ನು ಕೆರೆಯತೊಡಗಿದೆ. ಮೂರನೆಯ ಕಂಬದಲ್ಲಿ ಕೈ ತಪ್ಪಿ ಉಳಿ ಒಂದು ಕಡೆ ಮರವನ್ನೇ ಗೀರಿತು. ಮುಚ್ಚೋಣವೆಂದು ಆ ಗೀರಿಗೆ ಕೆಂಪು ಕಡ್ಡಿ ಒತ್ತಿ, ಮತ್ತೆ ಕೆರೆದೆ. ಮೇಲಿನ ಅರಗೆಲ್ಲ ಹೋದ ಮೇಲೆ ಗೀರಿನೊಳಗಿನ ಕೆಂಪು ಮಾತ್ರ ಉಳಿಯಿತು. ದಾರದಷ್ಟು ಸಣ್ಣ ಗೆರೆ. ಬೆರಳಿಗೆ ತಾಗಲಿಲ್ಲ. ಬಳೆ ಹಾಕಿದೆ, ನೆಟ್ಟಗೆ ಕೆಳಗಿಳಿಯಿತು.

ಯಂತ್ರ ನಿಲ್ಲಿಸಿ ಆ ಗೆರೆಯನ್ನೇ ನೋಡಿದೆ. ಆಮೇಲೆ ಬಳೆಗಳ ಎತ್ತರ ಅಳೆದು, ಒಂದೊಂದು ಬಳೆ ಎಲ್ಲಿಯವರೆಗೆ ಬರಬೇಕೋ ಅಲ್ಲೊಂದೊಂದು ಗೀರು ಕೊಟ್ಟು ಆಯಾ ಬಳೆಯ ಬಣ್ಣವನ್ನೇ ತುಂಬಿದೆ. ಮಗುವಿಗೆ ಯಾವ ಬಳೆ ಎಲ್ಲಿ ಕೂರಬೇಕೆಂದು ಕಂಬವೇ ತೋರಿಸುತ್ತಿತ್ತು.

"ಇದು ಕಂಪ್ಯೂಟರಲ್ಲಿ ಬಂದಿದ್ದಾ?" ಎಂದು ಕೇಳಿದರು.

"ಇಲ್ಲ ಆಂಟಿ. ಕೈ ಜಾರಿ ಬಂದಿದ್ದು."

"ಹಂಗಂತ ನಿಮ್ ಸಾರ್‌ಗೆ ಹೇಳ್ಬುಟ್ಟೀಯೆ."

ಹೆದ್ದಾರಿಯ ಅಂಗಡಿಯವರೊಬ್ಬರು ಹತ್ತನ್ನೂ ತೆಗೆದುಕೊಂಡರು. ಮುಂದಿನ ವಾರ ಇನ್ನಷ್ಟು ಬೇಕೆಂದರು. ಆದರೆ ಕಾಲೇಜಿನ ಫಾರಂ ಸಂಸ್ಥೆಯ ಮೊಹರು ಕೇಳುತ್ತಿತ್ತು. ಒಡತಿಯ ಬಳಿ ಮೊಹರು ಇರಲಿಲ್ಲ. ನನ್ನ ಫೋನಿನಲ್ಲಿ ಮೇಷ್ಟ್ರ ಜೊತೆ ಅವರೇ ಮಾತಾಡಿ, ಬಂದು ಕಣ್ಣಾರೆ ನೋಡಿ ಎಂದರು.

ಮೇಷ್ಟ್ರು ರೈಲಿನಲ್ಲಿ ಬಂದರು. ಈ ಗೆರೆಗಳ ಯೋಚನೆ ಹೇಗೆ ಬಂತು ಎಂದು ಕೇಳಿದರು. ನಾನು ಕಂಬವನ್ನು ಕೈಯಲ್ಲಿ ತಿರುಗಿಸುತ್ತಿರುವಾಗ ಒಡತಿಯೇ ಹೇಳಿದರು.

"ಅವಳ್ಗೆ ಮಾತು ಕಮ್ಮಿ ಸಾರ್. ಮಿಸೀನ್ ಮುಂದೆ ಕೂರ್ಸಿ ನೋಡಿ."

ಕುಳಿತೆ. ಒಂದು ಕಂಬವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದೆ. ಗೀರು ಹೇಗೆ ಬಂತೆಂಬ ನಿಜವನ್ನೂ ಕೆಲಸ ಮಾಡುತ್ತಲೇ ಹೇಳಿದೆ. ಕೈ ಕೆಲಸದಲ್ಲಿದ್ದಾಗ ಹೇಳುವುದು ಸುಲಭವಾಗಿತ್ತು. ಮೇಷ್ಟ್ರು ಕೊನೆಯವರೆಗೂ ನಿಂತೇ ನೋಡಿದರು. ಮೊಹರಿನ ಜಾಗದಲ್ಲಿ ಒಡತಿ ಉರ್ದುವಿನಲ್ಲಿ ಸಹಿ ಹಾಕಿದರು, ಅದರ ಕೆಳಗೆ ಮೇಷ್ಟ್ರು ತಾವೇ ಬಂದು ನೋಡಿದ್ದಾಗಿ ಬರೆದರು. ಎಂಟು ವಾರ ಲೆಕ್ಕಕ್ಕೆ ಸೇರಿತು.

ಮೇಷ್ಟ್ರು ಹೊರಡುವಾಗ ಒಡತಿ ಅವರಿಗೆ, ಮುಂದಿನ ವರ್ಷ ಇಬ್ಬರನ್ನು ಕಳಿಸಿ, ಒಬ್ಬಳೇ ಇದ್ದರೆ ಊಟದ ಹೊತ್ತಿನಲ್ಲೂ ಬಾಯಿ ಬಿಡುವುದಿಲ್ಲ ಎಂದರು. ಮೇಷ್ಟ್ರು ನಕ್ಕು, ಪಟ್ಟಿಯಲ್ಲಿ ಈ ಮನೆಯನ್ನೂ ಸೇರಿಸುತ್ತೇನೆಂದರು.

ಸಂಜೆ ರಾಮನಗರದ ಬಸ್ ನಿಲ್ದಾಣದಲ್ಲಿ ಕುಳಿತು ಕನಕಪುರದ ಕಡೆಯ ಜೂನಿಯರ್ ಒಬ್ಬಳಿಗೆ ಫೋನ್ ಮಾಡಿದೆ. ಮುಂದಿನ ವರ್ಷಕ್ಕೆ ಸ್ಟುಡಿಯೋ ಸಿಗದೆ ಕೋರ್ಸನ್ನೇ ಬಿಡುವ ಮಾತಾಡುತ್ತಿದ್ದಾಳೆಂದು ಕೇಳಿದ್ದೆ. ನಾನಾಗಿ ಯಾರಿಗೂ ಫೋನ್ ಮಾಡುವವಳಲ್ಲ. ಅವಳಿಗೂ ಆಶ್ಚರ್ಯವಾಗಿರಬೇಕು. ಈ ಕೆಲಸದ ಮನೆಯ ವಿಷಯ ಹೇಳಿದ ಮೇಲೆ ಒಂದರ ಹಿಂದೊಂದು ಪ್ರಶ್ನೆ ಕೇಳತೊಡಗಿದಳು. ಮಾಗಡಿಯ ಬಸ್ಸು ಬಂದು ನಿಂತಿತು. ಅವಳ ಪ್ರಶ್ನೆಗಳು ಮುಗಿದಿರಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತೆಂದು ಕುಳಿತೇ ಇದ್ದೆ.