ಬಾಗಿಲು ಕೂರದ ಗಾಡಿ

ನನ್ನ ತಪ್ಪನ್ನು ಅಬ್ಬಾಸಾಕರ ಕಣ್ಣಿನ ಮೇಲೆ ಹೊರಿಸಿದವನು ನಾನು. ಹಾಗೆ ಹೊರಿಸುವಾಗ ನಾನು ಸುಳ್ಳು ಹೇಳಲಿಲ್ಲ — ಇಷ್ಟು ವರ್ಷ ನನ್ನನ್ನು ಬಚಾವು ಮಾಡಿದ್ದೂ ಅದೇ. ಅವರ ಕಣ್ಣು ನಿಜಕ್ಕೂ ಮಂಜಾಗಿತ್ತು. ಆ ನಿಜವನ್ನು ಅವರು ನಂಬಿ ಹೇಳಿಕೊಂಡಿದ್ದು ನನ್ನೊಬ್ಬನ ಹತ್ತಿರ.

ಕುವೈತಿನ ರಾಯ್‌ನಲ್ಲಿ, ದೊಡ್ಡ ಶೋರೂಮುಗಳ ಹಿಂದಿನ ಸಾಲಿನಲ್ಲಿ ನಮ್ಮ ಗ್ಯಾರೇಜು. ಹಳೆಯ ಅಮೆರಿಕನ್ ಕಾರುಗಳನ್ನು ರಿಪೇರಿ ಮಾಡಿ ಗಟ್ಟಿಗೊಳಿಸಿ ಕೊಡುವುದು ನಮ್ಮ ಕೆಲಸ. ಉದ್ದ ಮೂತಿ, ಎರಡೇ ಬಾಗಿಲು, ಸ್ಟಾರ್ಟ್ ಮಾಡಿದರೆ ಅಂಗಡಿಯ ಶಟರ್ ನಡುಗುವಂಥ ಎಂಜಿನ್ — ಅಂಥವು. ನಾನು ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಬಂದ ಮೆಕ್ಯಾನಿಕ್. ಅಬ್ಬಾಸಾಕ ವಿಟ್ಲದ ಕಡೆಯ ಬ್ಯಾರಿ, ನನಗಿಂತ ಇಪ್ಪತ್ತೈದು ವರ್ಷ ಹಿರಿಯರು, ಗ್ಯಾರೇಜಿನ ವೆಲ್ಡರ್. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನನ್ನ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಹುಡುಗಿಯ ಫೋಟೋ ಮೊದಲು ತೋರಿಸಿದ್ದು ಅವರಿಗೆ.

ಒಂದು ದಿನ ಚಹಾ ಕುಡಿಯುವಾಗ ಅವರು ದನಿ ತಗ್ಗಿಸಿ ಹೇಳಿದರು. "ಕಣ್ಣಿಗೆ ಪೊರೆ ಬಂದಿದೆಯಂತೆ ಮಾರಾಯ, ಆಸ್ಪತ್ರೆಯಲ್ಲಿ ಹೇಳಿದ್ರು. ಹತ್ತಿರದ್ದು ಕಾಣ್ತದೆ, ದೂರದ್ದು ಬರೀ ಹೊಗೆ. ರಂಜಾನಿಗೆ ಊರಿಗೆ ಹೋದಾಗ ಆಪರೇಶನ್ ಮಾಡಿಸ್ತೇನೆ. ಅಲ್ಲಿವರೆಗೆ ಇಲ್ಲಿ ಯಾರಿಗೂ ಹೇಳುದು ಬೇಡ, ಆಯ್ತಾ ಮಹೇಶ?"

ಆಯ್ತು ಎಂದೆ.

ಅದೇ ತಿಂಗಳು ಜಹ್ರಾದ ಬೂ ಫಹದ್ ತಮ್ಮ ತೀರಿಹೋದ ತಂದೆಯ ಕಾರು ತಂದರು. ತಂದೆ ಅದರಲ್ಲೇ ಅವರನ್ನು ಶಾಲೆಗೆ ಬಿಡುತ್ತಿದ್ದರಂತೆ. ಗುರುವಾರ ಮಗನ ಮದುವೆ. ಮದುಮಗ ಅದರಲ್ಲೇ ಬರಬೇಕು. ಆ ಕಾರಿಗೆ ಮುಂದೊಂದು, ಹಿಂದೊಂದು ಚಾಸಿ, ನಡುವೆ ತೆಳ್ಳಗಿನ ತಗಡಿನ ನೆಲ. ಎಂಜಿನ್ನಿನ ಜೋರಿಗೆ ಇಡೀ ಗಾಡಿ ತಿರುಚಿಕೊಳ್ಳುತ್ತಿತ್ತು. ಎರಡೂ ಚಾಸಿಗಳನ್ನು ಕೂಡಿಸಿ ಎಡಬಲಕ್ಕೆ ಒಂದೊಂದು ಚೌಕ ಪೈಪು ಬೆಸೆಯುವುದು ಅಬ್ಬಾಸಾಕರ ಕೆಲಸ. ಆಮೇಲೆ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಕೂರಿಸುವುದು ನನ್ನದು.

ಈ ಬೆಸುಗೆಗೆ ಒಂದು ನಿಯಮವಿದೆ. ಬೆಸೆಯುವಾಗ ಕಾರಿನ ಭಾರ ಪೂರ್ತಿ ಅದರ ಚಕ್ರಗಳ ಮೇಲೇ ಇರಬೇಕು. ಒಂದು ಮೂಲೆ ಎತ್ತಿದ್ದರೂ ಗಾಡಿ ತುಸು ತಿರುಚಿಕೊಳ್ಳುತ್ತದೆ, ಆಮೇಲೆ ಆ ತಿರುಚೇ ಕಾಯಂ ಆಗುತ್ತದೆ. ಅಬ್ಬಾಸಾಕ ಬೆಳಿಗ್ಗೆಯೆಲ್ಲ ಕೂತು ನಾಲ್ಕು ಚಕ್ರಗಳಿಗೂ ಕಬ್ಬಿಣದ ಪೀಠ ಕೊಟ್ಟು, ನೀರು ತುಂಬಿದ ನಳಿಗೆ ಹಿಡಿದು ಮಟ್ಟ ನೋಡಿ, ಎಡಗಡೆಯ ಪೈಪು ಬೆಸೆದರು. ಮಧ್ಯಾಹ್ನದ ನಮಾಜಿಗೆ ಹೋಗುವಾಗ, "ಗಾಡಿ ಮುಟ್ಬೇಡ ಹಾಂ, ಬಂದು ಬಲಗಡೆ ಮುಗಿಸ್ತೇನೆ" ಎಂದರು.

ನಾನು ಮುಟ್ಟಿದೆ. ಗುರುವಾರ ಹತ್ತಿರ ಬಂದಿತ್ತು, ಮುದೀರ್ — ನಮ್ಮ ಮ್ಯಾನೇಜರ್ — ಗಂಟೆಗೊಮ್ಮೆ ಬಂದು "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತಿದ್ದರು… ಇಲ್ಲ, ಇದನ್ನು ಕಾರಣವೆಂದು ಬರೆಯಬಾರದು. ಅವಸರ ನನ್ನದು. ಬಲಗಡೆಯ ಮುಂದಿನ ಮೂಲೆಗೆ ಜಾಕ್ ಕೊಟ್ಟು ಎತ್ತಿ, ಹಳೆಯ ಶಾಕಿನ ಬೋಲ್ಟು ಬಿಚ್ಚತೊಡಗಿದೆ. ತುಕ್ಕು ಹಿಡಿದ ಬೋಲ್ಟು ಅರ್ಧಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಅಬ್ಬಾಸಾಕ ವಾಪಸು ಬಂದರು. ಚಕ್ರ ಪೀಠದಿಂದ ಎರಡು ಬೆರಳಿನಷ್ಟು ಮೇಲಿತ್ತು. ಇಳಿಸಿದರೆ ಅವರು ಮತ್ತೆ ಮೊದಲಿನಿಂದ ಮಟ್ಟ ನೋಡುತ್ತಾರೆ, ಅರ್ಧ ದಿನ ಹೋಗುತ್ತದೆ. ನಾನು ಜಾಕಿನ ಹಿಡಿಯನ್ನು ಕಿತ್ತು ಬೆನ್ನ ಹಿಂದೆ ಸರಿಸಿಟ್ಟೆ. ಜಾಕು ಚಕ್ರದ ಮರೆಯಲ್ಲಿತ್ತು. ಅಷ್ಟು ದೂರದ ಎರಡು ಬೆರಳು ಅವರಿಗೆ ಕಾಣದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ —

"ಮುಟ್ಲಿಲ್ಲ ಅಲ್ವಾ?"

"ಇಲ್ಲ ಅಬ್ಬಾಸಾಕ."

ಅವರು ಗಾಡಿಯ ಅಡಿಗೆ ನುಸುಳಿದರು. ಬೆಸುಗೆಯ ನೀಲಿ ಬೆಳಕು ನೆಲದ ಮೇಲೆ ಮಿನುಗುವುದನ್ನು ನಾನು ನೋಡುತ್ತ ನಿಂತೆ. ನಿಲ್ಲಿಸಿ ಎನ್ನಲು ಒಂದು ಇಡೀ ಮಧ್ಯಾಹ್ನ ನನ್ನ ಕೈಯಲ್ಲಿತ್ತು.

ಎರಡು ದಿನ ಬಿಟ್ಟು ಗಾಡಿ ಕೆಳಗಿಳಿಸಿದೆವು. ಡ್ರೈವರ್ ಕಡೆಯ ಬಾಗಿಲು ಕೂರಲಿಲ್ಲ. ಬೂ ಫಹದ್ ತಾವೇ ಬಂದು ಮೂರು ಸಲ ತಳ್ಳಿ ನೋಡಿದರು. ಕೂಗಾಡಲಿಲ್ಲ. ಬಾಗಿಲ ಮೇಲೆ ಒಮ್ಮೆ ಅಂಗೈ ಇಟ್ಟು ಹೊರಗೆ ಹೋದರು. ಮದುವೆಗೆ ಬೇರೆ ಕಾರು ಹೋಯಿತು.

ಮುದೀರ್ ನನ್ನನ್ನು ಆಫೀಸಿನೊಳಗೆ ಕರೆದು, ಗಾಜಿನ ಬಾಗಿಲು ಹಾಕಿ, ಹೇಗಾಯಿತು ಎಂದು ಕೇಳಿದರು. ನಾಲಿಗೆಯ ತುದಿಯಲ್ಲಿ ಏನಿತ್ತೋ… ಬಾಯಿಂದ ಬಂದದ್ದು ಇದು: "ಅಬ್ಬಾಸ್ ಭಾಯಿ ಕೊ ಆಂಖ್ ಸೆ ಬರಾಬರ್ ದಿಖ್ತಾ ನಹೀಂ, ಸರ್." ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಏನೂ ಹೇಳಬೇಕಾಗಿಯೇ ಬರಲಿಲ್ಲ.

ಮುದೀರ್ ಹೊರಗೆ ಬಂದು ಎಲ್ಲರೆದುರು ಅಬ್ಬಾಸಾಕರನ್ನು ನಿಲ್ಲಿಸಿ, ಎದುರುಗೋಡೆಯ ಕಪಾಟಿನಲ್ಲಿದ್ದ ಗ್ರೀಸ್ ಡಬ್ಬ ತೋರಿಸಿ, ಅದರ ಮೇಲಿನ ನಂಬರ್ ಓದು ಎಂದರು. ಅಬ್ಬಾಸಾಕ ಕಣ್ಣು ಕಿರಿದು ಮಾಡಿದರು. ಒಂದು ಹೆಜ್ಜೆ ಮುಂದಿಟ್ಟರು. ಮುದೀರ್ ಅಲ್ಲೇ ನಿಲ್ಲು ಎಂದರು. "ಸಾಬ್, ವೆಲ್ಡಿಂಗ್ ಇಷ್ಟು ಹತ್ತಿರದಿಂದ ಮಾಡುವುದು" ಎಂದು ಅವರು ಹಿಂದಿಯಲ್ಲಿ ಹೇಳುತ್ತ, ಅಂಗೈಯನ್ನು ಮುಖದ ಹತ್ತಿರ ಹಿಡಿದು ತೋರಿಸಿದರು. ಯಾರೂ ನಗಲಿಲ್ಲ. "ಖಲಾಸ್" ಎಂದು ಮುದೀರ್ ಒಳಗೆ ಹೋದರು.

ಆ ತಿಂಗಳೇ ಇಕಾಮಾ — ಅಲ್ಲಿ ಇರಲು ಕೊಡುವ ಪರವಾನಗಿ — ರದ್ದಾಗಿ ಅವರು ಊರಿಗೆ ಹೊರಟರು. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, "ನೀನು ಒಳಗೆ ಹೋಗಿ ನನ್ನ ಪರವಾಗಿ ಮಾತಾಡಿದೆ, ನಂಗೆ ಗೊತ್ತುಂಟು. ಕಣ್ಣಿನ ವಿಷಯ ಆಸ್ಪತ್ರೆಯವರೇ ಹೇಳಿರ್ಬೇಕು" ಎಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಆ ಬೆಸುಗೆಯನ್ನು ಕತ್ತರಿಸಿ ತೆಗೆಯುವ ಕೆಲಸ ನನಗೇ ಬಂತು. ಎರಡು ದಿನ ಹಿಡಿಯಿತು. ಒಂದು ತೂತಿಲ್ಲ, ಒಂದು ಬಿರುಕಿಲ್ಲ — ಅಂಥ ಬೆಸುಗೆಯನ್ನು ನಾನು ಮತ್ತೆ ನೋಡಿಲ್ಲ. ಈ ಸಲ ಭಾರವನ್ನು ಚಕ್ರಗಳ ಮೇಲೆ ಬಿಟ್ಟು ಬೇರೆ ವೆಲ್ಡರನಿಂದ ಮಾಡಿಸಿದೆ. ಬಾಗಿಲು ಟಕ್ಕೆಂದು ಕೂತಿತು. ಮುದೀರ್ ನನ್ನ ಬೆನ್ನು ತಟ್ಟಿದರು. ಮರುವರ್ಷ ನಾನು ಫೋರ್‌ಮನ್ ಆದೆ.

ಊರಿನಲ್ಲಿ ಅವರ ಆಪರೇಶನ್ ಚೆನ್ನಾಗಿ ಆಯಿತು. ಫೋನಿನಲ್ಲಿ, "ಈಗ ತೆಂಗಿನ ಮರದ ತುದಿಯ ಕಾಯಿ ಎಣಿಸ್ತೇನೆ" ಎಂದು ನಕ್ಕರು. ಹಾಗಾದರೆ ಮತ್ತೆ ವೆಲ್ಡಿಂಗ್ ಶುರು ಮಾಡಿ ಎಂದೆ. "ಇಲ್ಲ ಮಹೇಶ. ಕಣ್ಣು ಬಂತು, ಕೈ ಬರ್ಲಿಲ್ಲ. ಒಬ್ಬರ ಅಪ್ಪನ ಗಾಡಿ ಹಾಳು ಮಾಡಿದ ಕೈ ಇದು. ವೆಲ್ಡಿಂಗ್ ಹೋಲ್ಡರ್ ಹಿಡಿದ್ರೆ ನಡುಗ್ತದೆ." ಅಳಿಯನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತೇನೆ ಎಂದರು. ಒಂದೇ ಒಂದು ವಾಕ್ಯ ಹೇಳಿದ್ದರೆ ಅವರ ಕೈ ಅವರಿಗೆ ವಾಪಸು ಸಿಗುತ್ತಿತ್ತು. ನಾನು ಹೇಳಿದ್ದು — "ಆರೋಗ್ಯ ನೋಡ್ಕೊಳ್ಳಿ." ಮುದೀರ್ ಎದುರು ಆಡಿದ್ದನ್ನು ಹೆದರಿಕೆ ಎನ್ನಬಹುದೇನೋ. ಇದನ್ನು ಏನೆನ್ನಲಿ?

ಹೋದ ವಾರ ಅವರ ದನಿ ಮತ್ತೆ ಫೋನಿನಲ್ಲಿ ಬಂತು, ರೆಕಾರ್ಡ್ ಮಾಡಿ ಕಳಿಸಿದ್ದು. ಈ ವರ್ಷ ಹಜ್ಜಿಗೆ ಹೊರಟಿದ್ದಾರೆ. ಹೊರಡುವ ಮೊದಲು, ತಮ್ಮಿಂದ ನೋವಾದವರೆಲ್ಲರ ಹತ್ತಿರ ಮಾಫಿ ಕೇಳುತ್ತಿದ್ದಾರೆ. "ಬೂ ಫಹದ್ ಈಗಲೂ ನಿಮ್ಮಲ್ಲಿಗೆ ಬರ್ತಾರಲ್ಲ. ಅವರ ಅಪ್ಪನ ಗಾಡಿ ವಿಷಯದಲ್ಲಿ ಅಬ್ಬಾಸನನ್ನು ಮಾಫ್ ಮಾಡಿ ಅಂತ ನನ್ನ ಪರವಾಗಿ ಒಂದು ಮಾತು ಕೇಳ್ತೀಯಾ? ಅದೊಂದು ಉಳಿದಿದೆ."

ಮೂರು ದಿನ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಜಹ್ರಾಕ್ಕೆ ಹೋಗಿ ಬೂ ಫಹದರಿಗೆ ನಡೆದದ್ದೆಲ್ಲ ಹೇಳಿದೆ. ಅವರು ನನಗೆ ಕೂರಲು ಹೇಳಲಿಲ್ಲ. "ಇದನ್ನು ನನ್ನ ಹತ್ತಿರ ಯಾಕೆ ತಂದಿದ್ದೀಯ? ಅಬ್ಬಾಸನಿಗೆ ಹೇಳಿದೆಯಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದಾಗ ಬಾಗಿಲ ಕಡೆ ಕೈ ತೋರಿಸಿದರು. ಮರುದಿನ ಮುದೀರ್ ಹತ್ತಿರವೂ ಹೇಳಿದೆ. ಅವರು ಇನ್ನೂ ಏನೂ ತೀರ್ಮಾನಿಸಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಬರೆದರೆ ಅದೂ ದೊಡ್ಡಸ್ತಿಕೆಯಂತೆ ಕಾಣುತ್ತದೆ — ಆದ್ದರಿಂದ ಬರೆಯುವುದಿಲ್ಲ.

ಅಬ್ಬಾಸಾಕ, ನೀವು ಓದಿದ್ದು ಕನ್ನಡ ಶಾಲೆಯಲ್ಲಿ, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಾಳೆ ನಿಮಗೆ ಫೋನ್ ಮಾಡಿ ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ; ಆಮೇಲೆ ಈ ಹಾಳೆಗಳನ್ನು ಕಳಿಸುತ್ತೇನೆ, ನಿಮ್ಮ ಅಳಿಯನಿಗೂ ತೋರಿಸಿ. ನೀವು ಹೊರಡುವ ಮೊದಲು ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಹಜ್ಜಿಗೆ ಹೊರಟವರು ಇಲ್ಲ ಎನ್ನಲಾರರೆಂದು ತಿಳಿದೂ ಕೇಳಿದರೆ ಅದು ಇನ್ನೊಂದು ಮೋಸ. ಬೂ ಫಹದರ ಮಾಫಿ ನಿಮಗೆ ಬೇಕಾಗಿಲ್ಲ. ಗಾಡಿ ಎತ್ತಿದ್ದು ನಾನು. ನಿಮ್ಮ ಕೈ ತಪ್ಪಿರಲಿಲ್ಲ.